ಅತ್ತೆಯ ಕೂಗು, ಮಾವನ ಕೈ

ನಾನು ಆಡಿ ತೋರಿಸುವ ದನಿಗಳಲ್ಲಿ ಹೆಚ್ಚು ಬೇಡಿಕೆ ಇದ್ದದ್ದು ನಮ್ಮ ಅತ್ತೆಯ ದನಿಗೆ. ಹುಣಸೂರು ಬಸ್ಸಿನ ಕಂಡಕ್ಟರು, ಕಾಲೇಜಿನ ಪ್ರಿನ್ಸಿಪಾಲರು, ಹಾಲಿನ ಡೈರಿಯವರು, ಯಾರನ್ನೂ ಬಿಟ್ಟವನಲ್ಲ ನಾನು. ನನಗೂ ಒಂದು ಸ್ವಂತ ದನಿ ಇದೆ ಎಂಬುದು ಮನೆಯವರಿಗೇ ಮರೆತುಹೋಗಿತ್ತು. ಆದರೆ ಅತ್ತೆಯ ದನಿ ತೆಗೆದೆನೆಂದರೆ ಜಗಲಿಯಲ್ಲಿ ಕೂತವರೆಲ್ಲ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು.

"ಕೈ ತೊಳ್ಕಂಡು ಮುಟ್ರೀ! ಎಷ್ಟು ಸಲ ಬಡ್ಕಳದು ನಾನು?"

ಅಷ್ಟೇ ಐಟಮ್ಮು. ಅಷ್ಟಕ್ಕೇ ನನಗೆ ಎರಡನೇ ಸಲ ಟೀ ಬರುತ್ತಿತ್ತು.

ಅತ್ತೆ ಅಂದರೆ ಸೋದರಮಾವನ ಹೆಂಡತಿ. ವೀರನಹೊಸಹಳ್ಳಿಗಿಂತ ಸ್ವಲ್ಪ ಈಚೆಗೆ, ಹೊಗೆಸೊಪ್ಪು ಬೆಳೆಯುವ ಊರು ಅವರದು. ಕಾಲೇಜಿಗೆ ರಜೆ ಸಿಕ್ಕರೆ ನಾನು ಅಲ್ಲಿಗೇ ಓಡುತ್ತಿದ್ದೆ. ಮಾವ ಆರಡಿ ಆಳು, ಮೀಸೆಗೆ ದಿನಾ ಎಣ್ಣೆ. ಸೊಪ್ಪಿನ ಬೇಲನ್ನು ಒಬ್ಬರೇ ಎತ್ತಿ ಟೆಂಪೋಗೆ ಹಾಕುತ್ತಿದ್ದರು. ಹೊಗೆಸೊಪ್ಪು ಮುರಿಯುವಾಗ ಅಂಗೈಗೆ ಕರೀ ಅಂಟು ಮೆತ್ತಿಕೊಳ್ಳುತ್ತದೆ. ಆ ಅಂಟಿನ ಕೈಯಲ್ಲೇ ಬೋಂಡ ಮುರಿದು ಬಾಯಿಗೆ ಹಾಕಿಕೊಂಡರೆ ಅವನು ಗಂಡಸು ಅಂತ ಆ ಊರಿನ ಲೆಕ್ಕ. ಉಜ್ಜಿ ತೊಳೆಯುವುದೇನಿದ್ದರೂ ಹೆಂಗಸರ ಕೆಲಸ.

ಮಾವ ತೊಳೆಯುತ್ತಿದ್ದರು. ಮೊದಲು ಹುಣಸೆಹಣ್ಣು ಹಾಕಿ, ಆಮೇಲೆ ಸೋಪು ಹಾಕಿ, ಆಮೇಲೆ ಇನ್ನೊಂದು ಸಲ ಸೋಪು ಹಾಕಿ. ಆದರೂ ಅವರನ್ನು ಯಾರೂ ಹೀಯಾಳಿಸುತ್ತಿರಲಿಲ್ಲ. ಜಗಲಿಗೆ ಬೋಂಡದ ಪೊಟ್ಟಣ ಬಂದು ಬಿಚ್ಚಿಕೊಳ್ಳುತ್ತಿದ್ದ ಹಾಗೇ ಒಳಗಿನಿಂದ ಅತ್ತೆಯ ಕೂಗು ಬರುತ್ತಿತ್ತು. ಮಾವ ಮುಖ ಹುಳ್ಳಗೆ ಮಾಡಿಕೊಂಡು ಏಳುತ್ತಿದ್ದರು.

"ಏನ್ ಮಾಡದು ಕಣ್ರಪ್ಪಾ, ಮನೇವ್ಳು ಬುಡಾಕಿಲ್ಲ."

ಊರೆಲ್ಲ ಮಾವನ ಮೇಲೆ ಕನಿಕರಪಡುತ್ತಿತ್ತು. ಅತ್ತೆಗೆ 'ಸೋಪು ಹುಚ್ಚಿ' ಎಂಬ ಹೆಸರು ಬಿದ್ದಿತ್ತು. ಆ ಹೆಸರನ್ನು ಪಿರಿಯಾಪಟ್ಟಣದ ತನಕ ಪುಕ್ಕಟೆ ಹಂಚಿಬಂದವನು ನಾನೇ.

ಒಂದು ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಕಡಲೆಬೀಜ ಮೇಯುತ್ತಾ ಕೂತಿದ್ದೆ. ಅತ್ತೆ ರಾಗಿ ಮೂಟೆಗಳನ್ನು ಸರಿಸಿ, ಸಂದಿಯಲ್ಲಿ ಸತ್ತುಬಿದ್ದಿದ್ದ ಇಲಿಯನ್ನು ಬರಿಗೈಯಲ್ಲಿ ಬಾಲ ಹಿಡಿದು ಎತ್ತಿದರು. ಅದೇ ಹೊತ್ತಿಗೆ ಜಗಲಿಯಲ್ಲಿ ಮಾವ ಎರಡು ಸಲ ಕೆಮ್ಮಿದರು. ಅತ್ತೆ ಇಲಿಯನ್ನು ಕೈಯಲ್ಲಿ ನೇತಾಡಿಸಿಕೊಂಡೇ ಬಾಗಿಲ ಕಡೆ ತಿರುಗಿ ಕೂಗಿದರು. "ಕೈ ತೊಳ್ಕಂಡು ಮುಟ್ರೀ! ಎಷ್ಟು ಸಲ ಬಡ್ಕಳದು ನಾನು?"

ನನ್ನ ಬಾಯಲ್ಲಿದ್ದ ಕಡಲೆಬೀಜ ಅಲ್ಲೇ ನಿಂತಿತು. ಒಂದು ಸಲ ಇಲಿ ನೋಡಿದೆ, ಒಂದು ಸಲ ಅತ್ತೆಯನ್ನು ನೋಡಿದೆ.

"ಅತ್ತೇ, ಗಲೀಜಿನ ಭಯ ನಿಮಗಲ್ವಾ? ಮಾವಂಗಾ? ಅವರು ಕೆಮ್ಮಿದ್ದು ಅದಕ್ಕಾ?"

"ಮೆತ್ತಗೆ ಮಾತಾಡ್ಲಾ" ಅಂದರು. "ಚಿಕ್ಕೋರಿದ್ದಾಗ ಒಟ್ಟೆ ಕೆಟ್ಟು ಸಾಯಂಗಾಗಿದ್ರಂತೆ. ಅವತ್ತಿಂದ ಅಂಗೆ. ಕೈಯಲ್ಲಿ ಉಳ ಹರ್ದಂಗಾಯ್ತದೆ ಅಂತಾರೆ."

"ಅದಕ್ಕೆ ನೀವ್ಯಾಕೆ ಹುಚ್ಚಿ ಅನ್ನಿಸ್ಕೋಬೇಕು?"

"ಗಂಡ್ಸು ಎದ್ರುಕಂಡ್ರೆ ನಗ್ತಾರೆ. ಯೆಂಗಸ್ರು ಎದ್ರುಕಂಡ್ರೆ ಬಯ್ತಾರೆ ಅಷ್ಟೆಯ. ಬಯ್ಸ್ಕಳದು ನಂಗೆ ರೂಢಿ ಬುಡು. ಆಚೆ ಬಾಯ್ಬುಟ್ಟೆ ಅಂದ್ರೆ ನೋಡು ಮತ್ತೆ." ಇಲಿಯನ್ನು ನನ್ನ ಮೂಗಿನ ಹತ್ತಿರ ತಂದರು. ನಾನು ಬಾಯಿ ಬಿಡಲಿಲ್ಲ.

ಆಮೇಲೆ ಕೊರೊನಾ ಬಂತು. ಊರಿಗೆ ಊರೇ ಮಾವನ ಹಾಗಾಯಿತು. ಡೈರಿಯ ಮುಂದೆ ನೀರಿನ ಡ್ರಮ್ಮು ಇಟ್ಟು, ಅದಕ್ಕೆ ದಾರದಲ್ಲಿ ಸೋಪು ಕಟ್ಟಿದ್ದರು. ಬೆರಳ ಸಂದಿ ಉಜ್ಜುವುದು ಹೇಗೆಂದು ಮಾವನೇ ಎಲ್ಲರಿಗೂ ಹೇಳಿಕೊಟ್ಟರು. ಅಷ್ಟು ನೆಮ್ಮದಿಯಾಗಿ ಅವರನ್ನು ನಾನು ಯಾವತ್ತೂ ಕಂಡಿರಲಿಲ್ಲ. ಅತ್ತೆಯ ಗಂಟಲಿಗೂ ರಜೆ ಸಿಕ್ಕಿತ್ತು. ಕಾಯಿಲೆ ಹೋಯಿತು, ಡ್ರಮ್ಮು ದನಕ್ಕೆ ನೀರಿಡಲು ಹೋಯಿತು, ಜನ ಮತ್ತೆ ಅಂಟಿನ ಕೈಯಲ್ಲೇ ಬೋಂಡ ತಿನ್ನತೊಡಗಿದರು. ಮಾವ ಮತ್ತೆ ಕೆಮ್ಮತೊಡಗಿದರು.

ಮಾವನ ಮಗಳ ಮದುವೆ ಆದದ್ದು ಅದಾದ ಮೇಲೆ. ಕೆ.ಆರ್. ನಗರದ ಕಡೆ, ಹೊಸ ಅಗ್ರಹಾರದ ಹತ್ತಿರದ ನೀರಾವರಿ ಜನ. ಸೋದರತ್ತೆಯ ಮಗ ನಾನಿದ್ದೆನಲ್ಲ, ನನ್ನನ್ನೇ ಆಗಬಹುದಿತ್ತಲ್ಲ ಎಂದು ಕೇಳಿದವರಿಗೆ ಅವಳು, "ಅವ್ನನ್ನ ಕಟ್ಕಂಡ್ರೆ ಮನೇಲಿ ಅತ್ತೇರು ಎಷ್ಟು ಜನ ಅಂತ ಗೊತ್ತಾಗಾಕಿಲ್ಲ" ಎಂದಿದ್ದಳಂತೆ. ಇರಲಿ.

ಬೀಗರೂಟ ಮಾವನ ಮನೆಯ ಮುಂದೆಯೇ. ಶಾಮಿಯಾನ, ಮುದ್ದೆ, ಬಾಡಿನ ಸಾರು, ಬೋಟಿ ಗೊಜ್ಜು. ಹೊಸ ಬೀಗರ ಎದುರು ಮಾವ ಜರಿ ಪಂಚೆಯಲ್ಲಿ ರಾಜನ ಹಾಗೆ ಕೂತಿದ್ದರು. ಮಗಳು ಹೋಗಿ ಬಾಳಬೇಕಾದ ಮನೆಯ ಮುಂದೆ ಹಗುರಾಗಬಾರದು ಎನ್ನುವುದೊಂದೇ ಅವರ ಯೋಚನೆ ಎಂದು ನನಗೆ ಗೊತ್ತಿತ್ತು. ಬೆಳಿಗ್ಗೆಯೇ ನನ್ನನ್ನು ಕರೆದು, "ಇವತ್ತು ನಿನ್ ಕೋತಿ ಆಟ ಬ್ಯಾಡ ಕಣ್ಲಾ ಅಳಿಮಯ್ಯ" ಎಂದು ಕೈ ಮುಗಿದಿದ್ದರು.

ಬೀಗರು ಕರ್ಚೀಫಿನಲ್ಲಿ ಮೂಗು ಒರೆಸಿಕೊಂಡು ಮುದ್ದೆಗೆ ಕೈಹಾಕಿದರು. ಫೋಟೋದವನಿಗೆ ಹುರುಪು ಬಂತು. "ಬೀಗ್ರೂ ಬೀಗ್ರೂ ಒಬ್ರಿಗೊಬ್ರು ತಿನ್ಸಿ ಸಾರ್, ಒಂದೇ ಒಂದು!"

ಬೀಗರು ಮುದ್ದೆ ಮುರಿದು ಸಾರಲ್ಲಿ ಹೊರಳಿಸಿ ಮಾವನ ಬಾಯಿಗೆ ಹಿಡಿದರು. ಮಾವನ ಮೀಸೆ ನಡುಗಿತು. ಎರಡು ಸಲ ಕೆಮ್ಮಿದರು. ಕೂಗು ಬರಲಿಲ್ಲ. ಮತ್ತೆ ಎರಡು ಸಲ ಕೆಮ್ಮಿದರು.

ಅತ್ತೆ ಹಿತ್ತಲಲ್ಲಿ ಪಾತ್ರೆಗಳ ಗದ್ದಲದಲ್ಲಿ ಇದ್ದಾರೆ, ಕೇಳಿಸಿಲ್ಲ ಎಂದುಕೊಂಡೆ. ಶಾಮಿಯಾನದ ಬಟ್ಟೆಯ ಹಿಂದೆ ಸರಿದು, ಉಸಿರು ಎಳೆದುಕೊಂಡು ಕೂಗಿದೆ.

"ಕೈ ತೊಳ್ಕಂಡು ಮುಟ್ರೀ! ಎಷ್ಟು ಸಲ ಬಡ್ಕಳದು ನಾನು?"

ಬಟ್ಟೆ ಸರಿಸಿ ನೋಡಿದೆ. ಅತ್ತೆ ಬೀಗರ ಎಲೆಯ ಮುಂದೆಯೇ ಸಾರಿನ ಬಕೆಟ್ಟು ಹಿಡಿದು, ಬಾಯಿ ಮುಚ್ಚಿಕೊಂಡು ನಿಂತಿದ್ದರು. ಅಷ್ಟು ಜನರ ಎದುರು ಗಂಡನನ್ನು ಗದರುವುದು ಹೇಗೆಂದು ಸುಮ್ಮನಿದ್ದರಂತೆ, ಆಮೇಲೆ ಹೇಳಿದರು.

ಜನರ ಕಣ್ಣು ಅತ್ತೆಯ ಬಾಯಿಂದ ನನ್ನ ಬಾಯಿಗೆ, ಅಲ್ಲಿಂದ ಮಾವನ ಬಾಯಿಗೆ ಹೋಯಿತು. ಬೀಗರ ಕಡೆಯ ಒಬ್ಬಾಕೆ, "ಬೀಗಿತ್ತಿಗೆ ಕೈ ತೊಳಸೋ ಹುಚ್ಚು ಅಂತ ಕೇಳಿದ್ವಿ, ನಿಜವೇಯ" ಎಂದು ನಕ್ಕಳು. ಅವಳಿಗೆ ಆ ಸುದ್ದಿ ಹೇಗೆ ಮುಟ್ಟಿತ್ತೋ ನಾನು ಕೇಳಬೇಕಾಗಿರಲಿಲ್ಲ. ನೆಲ ಬಿರಿಯಬಾರದೇ ಅನ್ನಿಸಿತು. ಅತ್ತೆ ಬಕೆಟ್ಟಿನೊಳಗೇ ನೋಡುತ್ತಿದ್ದರು.

ಮಾವ ಎದ್ದು ನಿಂತರು.

"ಅವ್ಳನ್ನ ಅನ್‌ಬ್ಯಾಡಿ ಕಣವ್ವ. ಹುಚ್ಚು ಅವ್ಳದಲ್ಲ, ಭಯ ನಂದು. ಇಷ್ಟು ವರ್ಸ ಅವ್ಳ ತಲೆ ಮ್ಯಾಲೆ ಹಾಕ್ದೆ." ಬೀಗರ ಕಡೆ ತಿರುಗಿ, "ಬೀಗ್ರೇ, ತೆಪ್ಪು ತಿಳ್ಕಬ್ಯಾಡಿ. ನೀವು ಕೈ ತೊಳೀದೆ ನಾನು ತಿನ್ನಾಕಾಗಾಕಿಲ್ಲ."

ಬೀಗರು ಕೈಯಲ್ಲಿದ್ದ ತುತ್ತನ್ನು ನೋಡಿದರು, ಮಾವನ ಮೀಸೆಯನ್ನು ನೋಡಿದರು.

"ಇಷ್ಟೇಯಾ?" ಅಂದರು. "ನಾನು ಗದ್ದೇಲಿ ಜಿಗಣೆ ಕಂಡ್ರೆ ಈಗ್ಲೂ ಕಿರುಚ್ಕತೀನಿ. ಕೀಳಾಕೆ ಇವ್ಳೇ ಬರ್ಬೇಕು." ಪಕ್ಕದಲ್ಲಿದ್ದ ಅವರ ಹೆಂಡತಿ, "ಊರಿಗೆಲ್ಲ ಸಾರಿ, ಇನ್ನೂ ಸಾರಿ" ಎಂದು ತಿವಿದರು. ಬೀಗರು ತುತ್ತು ಎಲೆಗೆ ಹಾಕಿ ಎದ್ದರು. "ನಡೀರಿ, ನಲ್ಲಿ ಎಲ್ಲದೆ?"

ಫೋಟೋದವನು ಬಿಡಲಿಲ್ಲ, ಹಿಂದೆಯೇ ಓಡಿದ. ಮಾವನ ನಡುಮನೆಯ ಗೋಡೆಯಲ್ಲಿ ಈಗಲೂ ಆ ಫೋಟೋ ಇದೆ. ಬೀಗರಿಬ್ಬರೂ ನಲ್ಲಿಯ ಕೆಳಗೆ ಕೈ ಒಡ್ಡಿಕೊಂಡು ನಗುತ್ತಿದ್ದಾರೆ. ಹಿಂದೆ ಬಕೆಟ್ಟಿನ ಸಮೇತ ಅತ್ತೆ.

ಈಗ ಮಾವ ಕೆಮ್ಮುವುದಿಲ್ಲ. ಬೋಂಡ ಬಂದರೆ ತಾವೇ ಎದ್ದು ಹೋಗಿ ತೊಳೆದು ಬರುತ್ತಾರೆ. ಜಗಲಿಯವರು ನಾಲ್ಕು ದಿನ ನಕ್ಕರು, ಬೇಜಾರಾಯಿತು, ಬಿಟ್ಟರು. ಅತ್ತೆ ಕೂಗುವುದಿಲ್ಲ. ನನ್ನ ಒಳ್ಳೆಯ ಐಟಂ ಒಂದು ಕೈಬಿಟ್ಟುಹೋಯಿತು. ಯಾರಾದರೂ ಕೇಳಿದರೆ ಜಿಗಣೆ ಕಂಡ ಬೀಗರ ದನಿ ಆಡುತ್ತೇನೆ, ಅತ್ತೆಯದನ್ನು ಆಡುವುದಿಲ್ಲ. ಆದರೆ ಆ ಕೂಗು ಕೇಳದ ಮಧ್ಯಾಹ್ನಗಳು ನನಗೆ ಖಾಲಿ ಖಾಲಿ ಅನ್ನಿಸುತ್ತವೆ.

ಹೋದ ತಿಂಗಳು ಹೋಗಿದ್ದೆ. ಮಾವನೂ ನಾನೂ ಜಗಲಿಯಲ್ಲಿ ಸುಮ್ಮನೆ ಕೂತಿದ್ದೆವು. ಒಳಗಿನಿಂದ ಅತ್ತೆ ಕೂಗಿದರು.

"ಇಗೋ, ಕೇಳುಸ್ತಾ? ಕರ ಬಿಚ್ಕತು, ಹಿಡ್ಕಳಿ!"

ಮಾವ ದಡಬಡಿಸಿ ಎದ್ದು ನೇರ ನಲ್ಲಿಗೆ ಹೋಗಿ ಕೈಗೆ ಸೋಪು ಹಚ್ಚಿದರು. ನಗೋಣವೆಂದು ಬಾಯಿ ತೆರೆದೆ. ನೋಡಿದರೆ ಅವರ ಹಿಂದೆ ನಾನೂ ಕೈ ಒಡ್ಡಿಕೊಂಡು ನಿಂತಿದ್ದೆ. ಕರು ಹುರುಳಿ ಹೊಲದ ಕಡೆ ಓಡುತ್ತಿತ್ತು.