ಉಣಿಸಿ ಹೇಳಿದ ಸುದ್ದಿ

ಫೋನು ಬಂದಾಗ ನಾನು ಕಾರಿಗೆ ಪೆಟ್ರೋಲ್ ಹಾಕುತ್ತಿದ್ದೆ. ವೇಲ್ಸ್‌ನಲ್ಲಿ ಮೂರು ದಿನ ಸುತ್ತಾಡಿ ಲಂಡನ್ನಿನ ಕ್ವೀನ್ಸ್‌ಬರಿಯ ಮನೆಗೆ ವಾಪಸಾಗುತ್ತಿದ್ದೆವು. ಶನಿವಾರ, ಮಧ್ಯಾಹ್ನ ಹನ್ನೆರಡೂವರೆ. ಹೆಂಡತಿ ಮುಂದಿನ ಸೀಟಿನಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ಹನ್ನೊಂದು ವರ್ಷದ ಮಗಳು ಹಿಂದೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಳು. ಫೋನು ಮಾಡಿದವನು ಹೆಂಡತಿಯ ತಮ್ಮ. ಅವನು ಅಕ್ಕನನ್ನು ಬಿಟ್ಟು ನನಗೆ ಮಾಡಿದ್ದಾನೆಂದರೆ ವಿಷಯ ಏನೆಂದು ಊಹಿಸಲು ದೊಡ್ಡ ಬುದ್ಧಿಯೇನೂ ಬೇಕಿರಲಿಲ್ಲ.

“ಅಪ್ಪ ಹೋಗ್ಬುಟ್ರು ಭಾವ,” ಅಂದ. “ಕಾಫಿ ಕುಡ್ದು ಮಲಗಿದ್ರು. ಎಬ್ಬಿಸಿದ್ರೆ ಏಳ್ಲೇ ಇಲ್ಲ.”

ಪೆಟ್ರೋಲ್ ಪೈಪನ್ನು ಅದರ ಜಾಗಕ್ಕೆ ಸಿಕ್ಕಿಸಿದೆ. ಅವನೇ ಮುಂದುವರಿಸಿದ. “ನಾಳೆ ಹೊತ್ತು ಮುಳುಗೋಗಂಟ ಇಡ್ಬೋದು ಅಂದವ್ರೆ ದೊಡ್ಡಪ್ಪ. ಅದ್ರ ಮೇಲೆ ಇನ್ನೊಂದು ರಾತ್ರಿ ಇಡಂಗಿಲ್ವಂತೆ. ಅಕ್ಕ ಬಂದು ಮುಖ ನೋಡ್ಲಿ ಭಾವ. ಹೆಂಗಾದ್ರೂ ಮಾಡಿ ಇವತ್ತು ಫ್ಲೈಟ್ ಹತ್ತಿಸ್ಬುಡಿ.” ಆಮೇಲೆ ಕೇಳಿದ. “ನಿಮ್ದು ಊಟ ಆಯ್ತಾ?”

“ಇನ್ನೂ ಇಲ್ಲ.”

“ಹಂಗಾರೆ ಈಗ್ಲೇ ಹೇಳ್ಬೇಡಿ. ಮೊದ್ಲು ಏನಾದ್ರೂ ತಿನ್ಸಿ. ಗೊತ್ತಾದ್ರೆ ಮಣ್ಣಾಗೋಗಂಟ ನೀರೂ ಮುಟ್ಟಲ್ಲ ಅವ್ಳು.”

ಇದರಲ್ಲಿ ನಮಗೆ ವಿಚಿತ್ರ ಅನ್ನಿಸುವಂಥದ್ದು ಏನೂ ಇಲ್ಲ. ನಮ್ಮ ಕಡೆ ಸಾವಿನ ಸುದ್ದಿಯನ್ನು ಹಸಿದ ಹೊಟ್ಟೆಗೆ ಹೇಳುವುದಿಲ್ಲ. ನನ್ನ ಅಪ್ಪ ತೀರಿಕೊಂಡಾಗ ನಾನು ಹಾಸ್ಟೆಲಿನಲ್ಲಿದ್ದೆ. ಕರೆದುಕೊಂಡು ಹೋಗಲು ಬಂದ ಚಿಕ್ಕಪ್ಪ “ಸ್ವಲ್ಪ ಸೀರಿಯಸ್ಸು” ಎಂದಷ್ಟೇ ಹೇಳಿ, ಮಂಡ್ಯದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಎದುರಿಗೆ ಕೂತು ನಾಲ್ಕು ಇಡ್ಲಿ ತಿನ್ನಿಸಿದ್ದರು. ಅವರು ಮಾತ್ರ ಕಾಫಿಯನ್ನೂ ಮುಟ್ಟಲಿಲ್ಲ. ಮೂರನೆಯ ಇಡ್ಲಿಯ ಹೊತ್ತಿಗೆ ನನಗೆ ಎಲ್ಲ ತಿಳಿದುಹೋಗಿತ್ತು, ಆದರೂ ನಾಲ್ಕನೆಯದನ್ನು ತಿಂದೆ. ಆ ಇಡ್ಲಿಗಾಗಿ ಚಿಕ್ಕಪ್ಪನ ಮೇಲೆ ನನಗೆ ಇವತ್ತಿಗೂ ಪ್ರೀತಿ ಇದೆ. ಬಹುಶಃ ಅದೇ ನನ್ನ ತಲೆ ಕೆಡಿಸಿತು.

ಪೆಟ್ರೋಲ್ ಬಂಕಿನಲ್ಲೇ ನಿಂತು ಲೆಕ್ಕ ಹಾಕಿದೆ. ಹೀಥ್ರೋದಿಂದ ಬೆಂಗಳೂರಿಗೆ ನೇರ ವಿಮಾನ ಸಂಜೆ ನಾಲ್ಕೂಕಾಲಿಗೆ, ಸೀಟು ಇತ್ತು, ಫೋನಿನಲ್ಲೇ ಅವಳಿಗೊಂದು ಟಿಕೆಟ್ ತೆಗೆದೆ. ಅದರಲ್ಲಿ ಹೋದರೆ ಬೆಳಿಗ್ಗೆ ಎಂಟಕ್ಕೆಲ್ಲ ಬೆಂಗಳೂರು, ಮಧ್ಯಾಹ್ನದೊಳಗೆ ನಂಜನಗೂಡಿನ ಪಕ್ಕದ ಅವಳ ಊರು. ಪಾಸ್‌ಪೋರ್ಟ್ ಮನೆಯಲ್ಲಿತ್ತು. ಮನೆಗೆ ಹೋಗಿ, ತೆಗೆದುಕೊಂಡು, ಹೀಥ್ರೋಗೆ ತಿರುಗಿದರೂ ಮಧ್ಯೆ ಅರ್ಧ ಗಂಟೆ ಊಟಕ್ಕೆ ಮಿಗುತ್ತಿತ್ತು. ಇಪ್ಪತ್ತು ವರ್ಷದಿಂದ ಆಫೀಸಿನಲ್ಲಿ ಜನರ ಕೆಲಸಕ್ಕೆ ಗಡುವು ಹಾಕಿಕೊಡುವುದೇ ನನ್ನ ಕಸುಬು. ಅಷ್ಟು ಗಡುವು ತಪ್ಪಿದ್ದನ್ನು ನೋಡಿದ ಮೇಲಾದರೂ ಬುದ್ಧಿ ಬರಬೇಕಿತ್ತು.

ಕಾರಿಗೆ ಬಂದು ಮೊದಲು ಮಾಡಿದ ಕೆಲಸ, ಹೆಂಡತಿಯ ಮಡಿಲಿನಲ್ಲಿದ್ದ ಫೋನನ್ನು ಮೆಲ್ಲಗೆ ಎತ್ತಿ ಆಫ್ ಮಾಡಿ ಜೇಬಿಗೆ ಹಾಕಿಕೊಂಡಿದ್ದು.

ಅಕ್ಸ್‌ಬ್ರಿಡ್ಜ್ ಹತ್ತಿರ ಬಂದಾಗ ಅವಳು ಎಚ್ಚರಗೊಂಡು “ಹೊಟ್ಟೆ ತಾಳ ಹಾಕ್ತಿದೆ ಕಣ್ರೀ,” ಅಂದಳು. ರೌಂಡ್‌ಅಬೌಟ್ ಪಕ್ಕದಲ್ಲಿ ಒಂದು ಬಾರ್ಬೆಕ್ಯೂ ಹೋಟೆಲು. ಮೊದಲು ಟೈರಿನ ಗೋಡೌನಾಗಿದ್ದಿರಬೇಕು, ತಗಡಿನ ಮಾಡು, ಹೊರಗೆ ದೊಡ್ಡ ಕಬ್ಬಿಣದ ಪೀಪಾಯಿಯಲ್ಲಿ ಹೊಗೆ. ಮಗಳು ಹೆಡ್‌ಫೋನ್ ಕಿತ್ತು “ದಟ್ ಒನ್, ಪ್ಲೀಸ್!” ಅಂದಳು. ಒಂದು ಸ್ಯಾಂಡ್‌ವಿಚ್ ಕೊಡಿಸಿದ್ದರೆ ಸಾಕಿತ್ತು, ಅದು ನನಗೆ ಗೊತ್ತಿತ್ತು. ಇನ್ನೆರಡು ದಿನ ಇವಳಿಗೆ ಅನ್ನ ಇಳಿಯುವುದಿಲ್ಲ, ತಿನ್ನುವುದಾದರೆ ಹೊಟ್ಟೆ ತುಂಬ ತಿನ್ನಲಿ ಅನ್ನಿಸಿತು. ಆಗ ನನ್ನ ಬಗ್ಗೆ ನನಗೇ ಮೆಚ್ಚುಗೆ ಇತ್ತು, ಅದನ್ನೂ ಹೇಳಿಬಿಡಬೇಕು. ಎಷ್ಟು ಒಳ್ಳೆಯ ಗಂಡ ಅಂದುಕೊಂಡೇ ಕಾರು ನಿಲ್ಲಿಸಿದೆ.

ಒಳಗೆ ಯಾರದೋ ಹುಟ್ಟುಹಬ್ಬದ ಗುಂಪು ತುಂಬಿಕೊಂಡಿತ್ತು. ಟೇಬಲ್ ಸಿಗಲು ಹದಿನೈದು ನಿಮಿಷ ಹೋಯಿತು, ಆರ್ಡರ್ ತೆಗೆದುಕೊಳ್ಳಲು ಇನ್ನೂ ಹತ್ತು. ಬಡಿಸುವ ಹುಡುಗಿ ನಗುತ್ತ, ಒಳ್ಳೆಯದಕ್ಕೆ ಹೊತ್ತು ಹಿಡಿಯುತ್ತದೆ ಎಂದು ಇಂಗ್ಲಿಷಿನಲ್ಲಿ ಹೇಳಿ ಹೋದಳು. ನಾನು ಟೇಬಲ್ ಕೆಳಗೆ ಫೋನು ಹಿಡಿದು ಗಡಿಯಾರ ನೋಡುತ್ತಿದ್ದೆ. ಎದ್ದು ಹೋಗೋಣ ಅನ್ನಬಹುದಿತ್ತು, ಕಟ್ಟಿಸಿಕೊಳ್ಳಬಹುದಿತ್ತು. ಯಾಕೆ ಅಂತ ಕೇಳುತ್ತಾಳೆ, ಕೇಳಿದರೆ ಹೇಳಬೇಕಾಗುತ್ತದೆ, ಹೇಳಿದರೆ ಇಷ್ಟು ಹೊತ್ತು ಕಾದಿದ್ದೂ ದಂಡ. ಹೀಗೇ ಒಂದಕ್ಕೊಂದು ಗಂಟು ಹಾಕಿಕೊಂಡು ಕೂತೆ.

ಕೊನೆಗೂ ಬಂತು. ಕಂದು ಕಾಗದ ಹಾಸಿದ ತಟ್ಟೆಯ ಮೇಲೆ ಕುರಿಯ ಪಕ್ಕೆಲುಬು, ಕಪ್ಪಗೆ ಹೊಗೆ ಹಿಡಿದದ್ದು. ಹೆಂಡತಿ ಮೂಸಿ ನೋಡಿ ಕಣ್ಣರಳಿಸಿದಳು.

“ಅಪ್ಪ ತಲೆಕಾಲು ಸುಡ್ತಿದ್ರಲ್ಲ, ಅದೇ ವಾಸನೆ ನೋಡಿ. ಹಬ್ಬದ ಮಾರನೇ ದಿನ ಹಿತ್ಲಲ್ಲಿ ಕೂತ್ಕೊಂಡು, ಯಾರನ್ನೂ ಹತ್ರ ಬಿಡ್ತಿರ್ಲಿಲ್ಲ. ನನ್ ಫೋನೆಲ್ಲಿ? ವಿಡಿಯೋ ಕಾಲ್ ಮಾಡಿ ತೋರಿಸ್ತೀನಿ. ಈಗಲ್ಲಿ ಏಳು ಗಂಟೆ, ಎದ್ದಿರ್ತಾರೆ.”

“ನಿನ್ ಫೋನ್ ಚಾರ್ಜ್ ಇಲ್ಲ.”

“ನಿಮ್ದು ಕೊಡಿ.”

“ಸಿಗ್ನಲ್ ಇಲ್ಲ ಇಲ್ಲಿ. ತಿನ್ನು, ಆರೋಗುತ್ತೆ.”

ಅವಳು ತಿಂದಳು. ಮೂಳೆ ಚೀಪಿ, ಬೆರಳು ನೆಕ್ಕಿಕೊಂಡು, ಅಪ್ಪನ ಬಗ್ಗೆ ಇನ್ನೂ ಏನೇನೋ ಹೇಳುತ್ತ ತಿಂದಳು. ಬರುವ ಬೇಸಿಗೆಗೆ ಅವರನ್ನು ಇಲ್ಲಿಗೆ ಕರೆಸಿಕೊಳ್ಳಬೇಕು, ಈ ಹೋಟೆಲಿಗೇ ಕರೆತರಬೇಕು ಅಂದಳು. ನಾನು ಒಂದು ತುತ್ತೂ ಮುಟ್ಟಲಿಲ್ಲ. “ಡ್ಯಾಡ್, ಯೂ ಆರ್ ನಾಟ್ ಈಟಿಂಗ್,” ಅಂದಳು ಮಗಳು. ಹೊಟ್ಟೆ ಸರಿ ಇಲ್ಲ ಅಂದೆ. ನನ್ನ ಪಾಲಿನದನ್ನೂ ಹೆಂಡತಿಯ ತಟ್ಟೆಗೇ ಹಾಕಿದೆ. ಆ ಎರಡು ಎಲುಬಿಗೆ ಹಿಡಿದ ಹತ್ತು ನಿಮಿಷವನ್ನು ನಾನೇ ಕೈಯಾರೆ ಬಡಿಸಿದೆ.

ಹೊರಗೆ ಬಂದಾಗ ಎರಡು ಗಂಟೆ ದಾಟಿತ್ತು. ಅವಳು ಸೀಟ್‌ಬೆಲ್ಟ್ ಹಾಕಿಕೊಂಡ ಮೇಲೆ ಹೇಳಿದೆ. ಚಿಕ್ಕಪ್ಪನ ಹಾಗೆ “ಸೀರಿಯಸ್ಸು” ಎನ್ನಲು ಬಾಯಿ ಬರಲಿಲ್ಲ, ಇದ್ದದ್ದನ್ನೇ ಹೇಳಿದೆ. ಅವಳು ಅಳಲಿಲ್ಲ. ತನ್ನ ಕೈ ನೋಡಿಕೊಂಡಳು, ಬಾಗಿಲು ತೆಗೆದು ಅಲ್ಲೇ ಪಾರ್ಕಿಂಗಿನಲ್ಲಿ ಬಗ್ಗಿ ತಿಂದದ್ದನ್ನೆಲ್ಲ ಕಕ್ಕಿಬಿಟ್ಟಳು. ಮಗಳು ಹಿಂದಿನಿಂದ “ಅಮ್ಮಾ, ಅಮ್ಮಾ” ಎಂದು ಕೂಗಿಕೊಂಡಳು.

ವೆಂಬ್ಲಿ ಸ್ಟೇಡಿಯಮ್ಮಿನಲ್ಲಿ ಆ ದಿನ ಫುಟ್‌ಬಾಲ್ ಮ್ಯಾಚ್. ನಮ್ಮ ದಾರಿಯೆಲ್ಲ ಕಾರುಗಳಿಂದ ತುಂಬಿತ್ತು. ಮನೆಗೆ ಹೋಗಿ ಪಾಸ್‌ಪೋರ್ಟ್ ತೆಗೆದುಕೊಂಡು ಹೀಥ್ರೋ ಮುಟ್ಟಿದಾಗ ಕೌಂಟರ್ ಮುಚ್ಚಿ ಇಪ್ಪತ್ತೈದು ನಿಮಿಷವಾಗಿತ್ತು. ವಿಮಾನ ಇನ್ನೂ ಅಲ್ಲೇ ನಿಂತಿದೆ ಎಂದು ಬೋರ್ಡು ತೋರಿಸುತ್ತಿತ್ತು. ಕೌಂಟರಿನವಳಿಗೆ ಹೆಂಡತಿ ಕೈಮುಗಿದಳು. ನಾನು ಪಕ್ಕದಲ್ಲೇ ಇದ್ದೆ.

ರಾತ್ರಿ ವಿಮಾನದಲ್ಲಿ, ದುಬೈ ಮಾರ್ಗವಾಗಿ, ಒಬ್ಬಳೇ ಹೋದಳು. ಮರುದಿನ ಸಂಜೆ ಅವಳ ಟ್ಯಾಕ್ಸಿ ಮದ್ದೂರು ದಾಟುವಾಗ ಊರಲ್ಲಿ ಹೊತ್ತು ಮುಳುಗುತ್ತಿತ್ತು. ದೊಡ್ಡಪ್ಪ ಇನ್ನು ಕಾಯಲಾಗದು ಅಂದರಂತೆ. ಅವಳು ನೋಡಿದ್ದು ಹಸಿ ಮಣ್ಣಿನ ಗುಡ್ಡೆ, ಅದರ ಮೇಲಿನ ಹೂವು. ತಮ್ಮ ನನಗೆ ಫೋನು ಮಾಡಿ “ನಾನೇ ಊಟ ಮಾಡ್ಸಿ ಅಂದ್ನಲ್ಲ ಭಾವ” ಎಂದು ಅತ್ತ. ಒಂದು ತುತ್ತು ಅಂದವನು ಅವನು, ಒಂದು ಗಂಟೆ ಮಾಡಿದವನು ನಾನು.

ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಬಂದಳು. ಜಗಳ ಆಡಲಿಲ್ಲ, ಒಂದೇ ಸಲ ಕೇಳಿದಳು. “ಅಪ್ಪಂಗೆ ತೋರಿಸ್ತೀನಿ ಅಂದಾಗ್ಲೂ ನಿಮ್ಗೆ ಗೊತ್ತಿತ್ತಾ?” ಗೊತ್ತಿತ್ತು ಅಂದೆ. ತಲೆಯಾಡಿಸಿ ಒಗೆಯುವ ಬಟ್ಟೆ ಆರಿಸತೊಡಗಿದಳು.

ಈಗ ಎರಡು ವರ್ಷವಾಯಿತು. ನಗುತ್ತಾಳೆ, ಸಿನಿಮಾಕ್ಕೆ ಬರುತ್ತಾಳೆ, ಮಾಂಸವನ್ನೂ ಬಿಟ್ಟಿಲ್ಲ. ಕಳೆದ ಭಾನುವಾರ ಅವಳಿಗೆ ಮೈ ಹುಷಾರಿರಲಿಲ್ಲ. ನಾನೇ ಅನ್ನ ಸಾರು ಮಾಡಿ, ತಟ್ಟೆ ಮುಂದಿಟ್ಟು, “ಬಿಸಿ ಇದ್ದಾಗಲೇ ತಿನ್ನು” ಅಂದೆ. ಅವಳು ಅನ್ನಕ್ಕೆ ಕೈ ಹಾಕಲಿಲ್ಲ. ನನ್ನ ಮುಖವನ್ನೇ ನೋಡುತ್ತ ಮೆಲ್ಲಗೆ ಕೇಳಿದಳು.

“ಯಾರು ಹೋದ್ರು?”