ಸಾಹುಕಾರರ ಪೆಟ್ಟಿಗೆಯಲ್ಲಿದ್ದ ನನ್ನ ಬಿ.ಎ.

"ನಮ್ ಒಕ್ಕಲಲ್ಲಿ ಒಬ್ಬ ಬಿಯೆ ಆದ ಅಂದ್ರೆ ನಮ್ ಕೋಣ ಮುದ್ದೆ ತೊಳಸ್ತದೆ ಕಣ್ಲಾ" ಅಂದವರು ನನ್ನ ದೊಡ್ಡಪ್ಪ ಮುನಿಮಾದಪ್ಪ. ರಾಮಾಪುರದಲ್ಲಿ ಬಸ್ಸು ನಿಲ್ಲುವ ಜಾಗದಲ್ಲಿ, ಹತ್ತು ಜನ ಕೂತಿದ್ದಾಗ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಎಂಟನೇ ಕ್ಲಾಸಿನ ಹುಡುಗನಿಗೆ ನಗದೆ ಬೇರೆ ದಾರಿ ಇರಲಿಲ್ಲ. ನಮ್ಮ ಸೀಮೆ ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಆಗ ಬಹಳ ದಿನವಾಗಿರಲಿಲ್ಲ. ಕಚೇರಿಯ ಕಾಗದಗಳು ತಮಿಳಿನಿಂದ ಕನ್ನಡಕ್ಕೆ ತಿರುಗುತ್ತಿದ್ದವು. ನಮ್ಮ ಬೀದಿಗೆ ಅದರಿಂದ ವ್ಯತ್ಯಾಸವೇನೂ ಆಗಲಿಲ್ಲ, ಎರಡರಲ್ಲಿ ಒಂದನ್ನಾದರೂ ಓದಬಲ್ಲ ದೊಡ್ಡವರು ಅಲ್ಲಿ ಇರಲಿಲ್ಲ.

ಕೋಣ ಮುದ್ದೆ ತೊಳಸಲಿಲ್ಲ. ನಾನು ಬಿ.ಎ. ಆದೆ. ಮೈಸೂರಿನ ಉಚಿತ ಹಾಸ್ಟೆಲಿನ ಅನ್ನ, ಶಾಗ್ಯಕ್ಕೆ ಮದುವೆಯಾಗಿ ಹೋಗಿದ್ದ ನನ್ನಕ್ಕ ಪುಟ್ಟತಾಯಮ್ಮ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸುತ್ತಿದ್ದ ಹುರಿಹಿಟ್ಟಿನ ಗಂಟು, ಇಷ್ಟರಲ್ಲೇ ಆದೆ. ಒಂದು ವರ್ಷ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದೆ, ಅದನ್ನೂ ಹೇಳಿಬಿಡುತ್ತೇನೆ. ಮರುವರ್ಷ ಪಾಸಾದೆ. ಯಾರ ಶಿಫಾರಸೂ ಇರಲಿಲ್ಲ.

ಆದರೆ ಆದಮೇಲೆ ಏನು ಮಾಡಬೇಕೆಂದು ಹೇಳಿಕೊಡುವವರು ಮನೆಯಲ್ಲಿ ಇರಲಿಲ್ಲ. ಮೇಷ್ಟ್ರ ಕೆಲಸಕ್ಕೆ ಅಲ್ಲಿ ಇಲ್ಲಿ ಅರ್ಜಿ ಹಾಕಿ ಕಾಯುತ್ತಿದ್ದೆ. ಅಷ್ಟರಲ್ಲಿ ಕೊಳ್ಳೇಗಾಲದ ಒಂದು ರೇಷ್ಮೆಗೂಡಿನ ಮಂಡಿಗೆ ಓದಿದ ಗುಮಾಸ್ತ ಬೇಕಂತೆ, ಮೇಷ್ಟ್ರ ಸಂಬಳದ ಎರಡರಷ್ಟು ಕೊಡುತ್ತಾರಂತೆ ಎಂಬ ಸುದ್ದಿ ಬಂತು. ಟ್ರಂಕು ಹಿಡಿದು ಬಸ್ಸು ಹತ್ತಿದೆ.

ಕೊಳ್ಳೇಗಾಲ ನನಗೆ ಮೊದಲು ಮೂಗಿಗೆ ಸಿಕ್ಕಿತು, ಆಮೇಲೆ ಕಣ್ಣಿಗೆ. ಬಾಡಿಗೆಗೆ ಹಿಡಿದ ಕೋಣೆ ಒಂದು ಬಿಚ್ಚಾಣಿಕೆ ಶೆಡ್ಡಿನ ಹಿಂದಿತ್ತು. ಗೂಡುಗಳನ್ನು ಕುದಿಯುವ ನೀರಿಗೆ ಹಾಕಿ ಎಳೆ ತೆಗೆಯುವ ಜಾಗ ಅದು. ಎಳೆಯೆಲ್ಲ ಬಿಚ್ಚಿಕೊಂಡ ಮೇಲೆ ಒಳಗಿನ ಹುಳು ಬೆಂದು ಉಳಿಯುತ್ತದೆ. ಅದನ್ನು ಹಿತ್ತಲಿನಲ್ಲಿ, ನನ್ನ ಕಿಟಕಿಯ ನೇರಕ್ಕೇ ಗುಡ್ಡೆ ಹಾಕುತ್ತಿದ್ದರು. ಕೊಳೆತ ಮೀನಿಗೂ ಸುಟ್ಟ ಕೂದಲಿಗೂ ನಡುವಿನ ಯಾವುದೋ ನಾತ. ಮೊದಲ ವಾರ ಅನ್ನ ಬಾಯಿಗಿಟ್ಟರೆ ವಾಂತಿ. ಮನೆಯೊಡತಿ ಬಾಗಿಲಲ್ಲಿ ನಿಂತು ನಗುತ್ತಿದ್ದರು. "ಮೊದ್ಲು ಅಂಗೇ ಕಣ್ರಿ ಗುಮಾಸ್ತ್ರೆ. ಒಂದ್ ತಿಂಗ್ಳು ಓಗ್ಲಿ, ಇದು ದುಡ್ಡಿನ್ ವಾಸ್ನೆ ಅಂತ ನಿಮ್ಗೇ ಗೊತ್ತಾಯ್ತದೆ."

ಒಂದು ತಿಂಗಳಾಯಿತು. ನಾತ ನಾತವಾಗಿಯೇ ಉಳಿಯಿತು. ಈಗಲೂ ಮದುವೆ ಮನೆಯಲ್ಲಿ ಹೊಸ ರೇಷ್ಮೆ ಸೀರೆ ಸರಬರ ಎಂದರೆ ನಾನು ಎದ್ದು ಅಂಗಳಕ್ಕೆ ಹೋಗುತ್ತೇನೆ.

ಊರು ಬೆರಗು ಹುಟ್ಟಿಸಿದ್ದೂ ನಿಜ. ಒಂದು ಬೀದಿ ದಾಟಿದರೆ ಒಂದು ಮಾತು: ನೇಯುವವರಲ್ಲಿ ತೆಲುಗು, ಬಿಚ್ಚಾಣಿಕೆಯಲ್ಲಿ ಉರ್ದು, ಅಂಗಡಿ ಕಟ್ಟೆಯಲ್ಲಿ ತಮಿಳು, ಎಲ್ಲರೂ ಜಗಳಕ್ಕೆ ನಿಂತಾಗ ಕನ್ನಡ. ನಮ್ಮ ಕಡೆ ಹೊಸಬ ಬಂದರೆ "ಯಾರ್ ಪೈಕಿ?" ಅನ್ನುತ್ತಾರೆ. ಅದೇನೂ ಬಲು ಚೆಂದದ ಪ್ರಶ್ನೆಯಲ್ಲ, ಅದರ ಹೊಟ್ಟೆಯಲ್ಲಿ ಜಾತಿ ಕೂತಿದೆ. ಕೊಳ್ಳೇಗಾಲದಲ್ಲಿ ಕೇಳುತ್ತಿದ್ದುದು "ಸಂಬ್ಳ ಎಷ್ಟು?" ಹೇಳಿದ ಮೇಲೆ ಮುಂದಿನ ಪ್ರಶ್ನೆ, "ಮೇಲೆಷ್ಟು?" ಮೇಲೇನೂ ಇಲ್ಲ ಅಂದರೆ ಮರುಕದಿಂದ ನೋಡುತ್ತಿದ್ದರು, ಮೈಯಲ್ಲಿ ಹುಷಾರಿಲ್ಲದವನನ್ನು ನೋಡಿದ ಹಾಗೆ.

ಇನ್ನು ನಾನು ಮಾಡಿದ ತಪ್ಪಿಗೆ ಬರುತ್ತೇನೆ. ನಮ್ಮೂರಲ್ಲಿ ಒಂದು ವಾಡಿಕೆಯಿತ್ತು. ಹುಲ್ಲಿನ ಮನೆ, ಗೆದ್ದಲಿನ ಗೋಡೆ. ಹೊಲದ ಪಟ್ಟಾ ಇರಲಿ, ಏನೇ ಬೆಲೆಯುಳ್ಳ ಕಾಗದ ಇರಲಿ, ಅದನ್ನು ಪಟೇಲರ ಮನೆಯ ಪೆಟ್ಟಿಗೆಯಲ್ಲಿ ಇಡಬೇಕು. ಬಾಡಿಗೆ ಇಲ್ಲ, ಬಡ್ಡಿ ಇಲ್ಲ, ಬರೀ ಭದ್ರತೆಗೆ. ಕಾಗದ ಇಟ್ಟವರು ಪಟೇಲರ ಎದುರು ದನಿ ಎತ್ತುವುದಿಲ್ಲ, ಅಷ್ಟೇ. ಮಂಡಿಯ ಸಾಹುಕಾರರು ಮೊದಲ ದಿನ ನನ್ನ ಡಿಗ್ರಿ ಸರ್ಟಿಫಿಕೇಟು ನೋಡಿ, "ಇದನ್ನ ರೂಮಲ್ಲಿ ಇಟ್ಕೋಬೇಡಿ, ಇಲಿ ಕಾಟ. ಇಲ್ಲೇ ಇರ್ಲಿ" ಎಂದು ಕಬ್ಬಿಣದ ಪೆಟ್ಟಿಗೆ ತೆರೆದರು. ನನಗೆ ಅದು ಸಹಜವೆನಿಸಿತು. ಇನ್ನೂ ಹೇಳಬೇಕೆಂದರೆ ಹೆಮ್ಮೆಯೆನಿಸಿತು. ಅಪ್ಪನ ಪಟ್ಟಾ ಪಟೇಲರ ಮನೆಯಲ್ಲಿ, ಮಗನ ಬಿ.ಎ. ಸಾಹುಕಾರರ ಮನೆಯಲ್ಲಿ. ಓದಿದವರ ಮನೆಯಲ್ಲಿ ಹುಟ್ಟಿದ ಯಾವನೂ ಈ ತಪ್ಪು ಮಾಡುತ್ತಿರಲಿಲ್ಲ.

ಮಂಡಿಯ ಕೆಲಸ ಹೀಗೆ. ಹನೂರು, ರಾಮಾಪುರ, ಶಾಗ್ಯದ ಕಡೆಯ ರೈತರು ಗೂಡು ತುಂಬಿದ ಬಿದಿರಿನ ಮಂಕರಿಗಳನ್ನು ಹೊತ್ತು ಬೆಳಗ್ಗೆಯೇ ಬಂದು ಸಾಲಾಗಿ ಕೂರುತ್ತಾರೆ. ಕೊಳ್ಳುವವರು ಒಬ್ಬೊಬ್ಬರಾಗಿ ಬಂದು 'ಮಾದರಿ' ಎಂದು ಒಂದೊಂದು ಬೊಗಸೆ ಗೂಡು ಎತ್ತಿಕೊಳ್ಳುತ್ತಾರೆ. ಎತ್ತಿಕೊಂಡದ್ದು ಮಂಕರಿಗೆ ಮರಳುವುದಿಲ್ಲ. ಆಮೇಲೆ ದಲ್ಲಾಳಿಯೂ ಕೊಳ್ಳುವವನೂ ಟವಲಿನಡಿ ಕೈ ಸೇರಿಸಿ, ಒಂದು ಬೆರಳಿಗೆ ಇಂತಿಷ್ಟು ರೂಪಾಯಿ ಎಂಬ ಲೆಕ್ಕದಲ್ಲಿ, ಬೆರಳು ಹಿಡಿದು ಬೆಲೆ ಮಾತಾಡುತ್ತಾರೆ. ಬೆರಳೆಷ್ಟು ಎಂದು ರೈತನಿಗೆ ಕಾಣದು. ನಾಲ್ಕು ಬೆರಳಿಗೆ ಕುದುರಿದ್ದನ್ನು ದಲ್ಲಾಳಿ ರೈತನಿಗೆ ಮೂರು ಎನ್ನುತ್ತಾನೆ. ನಿಜವಾದ ಲೆಕ್ಕವನ್ನು ನನ್ನ ಕಿವಿಯಲ್ಲಿ ಊದುತ್ತಾನೆ, ಏಕೆಂದರೆ ಕೊಳ್ಳುವವನ ಚೀಟಿ ನಾನು ಬರೆಯಬೇಕು. ನಡುವಿನ ಒಂದು ಬೆರಳು ಸಾಹುಕಾರರದು. ನನ್ನ ಎರಡರಷ್ಟು ಸಂಬಳ ಅದರ ಉಗುರು.

ಇದಕ್ಕೆ ಬಿ.ಎ. ಯಾಕೆ ಬೇಕಿತ್ತು? ನಾನೂ ಹದಿನೈದು ದಿನ ಅದನ್ನೇ ಯೋಚಿಸಿದೆ. ಮೈಸೂರಿನಲ್ಲಿ ನನ್ನ "ಓಯ್ತೀನಿ" ಕೇಳಿ ಸಹಪಾಠಿಗಳು ಹೊಟ್ಟೆ ಹಿಡಿದು ನಕ್ಕಿದ್ದರು. ಕಷ್ಟಪಟ್ಟು "ಹೋಗುತ್ತೇನೆ" ಕಲಿತಿದ್ದೆ. ಸಾಹುಕಾರರು ಒಂದು ದಿನ ಹತ್ತಿರ ಕರೆದು ಹೇಳಿದರು, "ರೈತ್ರ ಹತ್ರ ಈ ಪುಸ್ತಕದ್ ಮಾತು ಬ್ಯಾಡಿ. ನಿಮ್ಮೂರ್ ಮಾತೇ ಆಡಿ. ನಮ್ಮೋನೇ ಓದಿ ಕೂತವ್ನೆ ಅಂತ ಅವ್ರಿಗೆ ಒಂದ್ ಧೈರ್ಯ." ಆಗ ಅರ್ಥವಾಯಿತು. ಮೀನು ಹಿಡಿಯುವವರು ಗಾಳಕ್ಕೆ ಎರೆಹುಳು ಸಿಕ್ಕಿಸುತ್ತಾರಲ್ಲ, ಹಾಗೆ ನನ್ನನ್ನು ಸಿಕ್ಕಿಸಿದ್ದರು. ನಮ್ಮವ್ವ ಕಲಿಸಿದ ಮಾತಿಗೆ ಜೀವಮಾನದಲ್ಲಿ ಮೊದಲ ಸಲ ಸಂಬಳ ಬರುತ್ತಿತ್ತು, ಅದೂ ಈ ಕೆಲಸಕ್ಕೆ.

ಹನೂರಿನ ಕಡೆಯ ಒಬ್ಬ ಮುದುಕಪ್ಪ ಒಂದು ದಿನ ದಲ್ಲಾಳಿ ಹೇಳಿದ ಬೆಲೆ ಕೇಳಿ ನನ್ನ ಕಡೆ ತಿರುಗಿದ. "ನೀ ಏಳಪ್ಪ, ಓದ್ದೋನು ನೀನು. ಸರ್ಯಾಗೈತಾ ಇದು?"

ಸಾಹುಕಾರರು ಎಲೆಗೆ ಸುಣ್ಣ ಹಚ್ಚುತ್ತಿದ್ದರು, ನನ್ನ ಕಡೆ ನೋಡಲೂ ಇಲ್ಲ. ನೋಡುವ ಅಗತ್ಯವಿರಲಿಲ್ಲ.

"ಸರ್ಯಾಗೈತೆ ತಾತ" ಅಂದೆ.

"ನಿನ್ ಒಟ್ಟೆ ತಣ್ಣಗಿರ್ಲಿ ಕಣಪ್ಪ" ಅಂದು ಮುದುಕ ನನ್ನ ತಲೆಯ ಮೇಲೆ ಕೈಯಿಟ್ಟು ಹೋದ. ಆ ಕೈಯ ಭಾರ ಇನ್ನೂ ಇಳಿದಿಲ್ಲ.

ದುಡ್ಡು ಕೆಟ್ಟದ್ದೆಂದು ಉಪದೇಶ ಮಾಡುವವನು ನಾನಲ್ಲ. ಹಾಗೆ ಹೇಳುವವರಲ್ಲಿ ಹೆಚ್ಚಿನವರು ದುಡ್ಡಿನ ಮೇಲೆ ಕೂತೇ ಹೇಳುತ್ತಾರೆ. ಆ ಸಂಬಳ ನನಗೆ ಖುಷಿ ಕೊಟ್ಟಿತು. ಟೆರಿಲಿನ್ ಅಂಗಿ ಹೊಲಿಸಿದೆ, ವಾಚು ಕಟ್ಟಿದೆ, ಹೋಟೆಲಿನಲ್ಲಿ ಕೂತು ಇಡ್ಲಿಯ ಮೇಲೆ ಇಡ್ಲಿ ತರಿಸಿಕೊಂಡೆ. ಮೂರನೇ ಇಡ್ಲಿಗೆ ಹುಚ್ಚೆಳ್ಳು ಚಟ್ನಿ, ಮುದ್ದೆ ನೆನಪಾಗಿ ಎದ್ದು ಬಂದದ್ದೂ ಉಂಟು. ಅಕ್ಕನಿಗೆ ಒಂದು ರೇಷ್ಮೆ ಸೀರೆ ಒಯ್ದು ಕೊಟ್ಟೆ. ಅವಳು ಬಿಡಿಸಿ ನೋಡಿ, "ಹುಳಕ್ ಸೊಪ್ಪು ಕೊಯ್ದು ಬೆಳಸೋಳು ನಾನು. ಇದ್ನ ಉಟ್ಕಂಡು ಕೊಟ್ಗೆ ಗುಡುಸ್ಲೇನ್ಲಾ?" ಎಂದು ನಕ್ಕು ಮಡಚಿಟ್ಟಳು. ಪಕ್ಕದ ಮನೆಯವರಿಗೆ ಮಾತ್ರ ಮೂರು ದಿನ ತೋರಿಸಿದಳಂತೆ.

ಆದರೆ ತಿಂಗಳ ಕೊನೆಗೆ ಸಂಬಳ ಕೈಗೆ ಬಂದಾಗೆಲ್ಲ ನೋಟು ಒದ್ದೆಯಾಗಿದೆ ಎನಿಸುತ್ತಿತ್ತು. ಬೆಂದ ಹುಳದ ನೀರು ತಾಗಿದ ಹಾಗೆ. ಅಂಗಿಗೆ ಒರೆಸಿಕೊಳ್ಳುತ್ತಿದ್ದೆ.

ಹೀಗಿರುವಾಗ ಯಳಂದೂರಿನ ಒಂದು ಹೈಸ್ಕೂಲಿನಿಂದ ಕಾರ್ಡು ಬಂತು. ಸೋಮವಾರ ಸಂದರ್ಶನ, ಮೂಲ ಸರ್ಟಿಫಿಕೇಟು ತಾರದವರನ್ನು ಒಳಗೆ ಬಿಡುವುದಿಲ್ಲ. ನನಗೆ ಬೇಕಾಗಿದ್ದ ಕೆಲಸ ಅದೇ. ಕಾರ್ಡನ್ನು ಸಾಹುಕಾರರಿಗೆ ತೋರಿಸಿದೆ. ಅವರು ಓದಿ, ಮಡಚಿ, ನನ್ನ ಜೇಬಿಗೇ ಇಟ್ಟರು.

"ಅರ್ಧ ಸಂಬಳಕ್ಕೆ ಸೀಮೆಸುಣ್ಣದ ಧೂಳು ಕುಡಿಯೋಕೆ ಹೋಗ್ತೀರಾ?"

"ಹೌದು ಸ್ವಾಮಿ. ಸರ್ಟಿಫಿಕೇಟು ಬೇಕಿತ್ತು."

"ಕೊಡೋಣ. ಪೆಟ್ಟಿಗೆ ಬೀಗದ ಕೈ ಮನೇಲಿದೆ. ನಾಳೆ."

ಮಾರನೆಯ ದಿನವೂ ನಾಳೆ. ಅದರ ಮಾರನೆಯ ದಿನ ನೆಂಟರ ಮದುವೆ. ಬೀಗದ ಕೈ ಅವರ ಉಡಿದಾರದಲ್ಲೇ ಇತ್ತು, ಕೂತಾಗ ಎದ್ದಾಗ ಸದ್ದು ಮಾಡುತ್ತಿತ್ತು. ಆ ಸದ್ದು ಕೇಳುತ್ತಾ ನಾನು ಚೀಟಿ ಬರೆಯುತ್ತಿದ್ದೆ. ಜೋರಾಗಿ ಕೇಳಲು ನಾಲಗೆ ಏಳುತ್ತಿರಲಿಲ್ಲ. ಕಾಗದ ಇಟ್ಟವನು ದನಿ ಎತ್ತಬಾರದು: ಅದು ನನ್ನ ರಕ್ತದಲ್ಲೇ ಇತ್ತು. ಬಿ.ಎ.ಯಲ್ಲಿ ನಾನು ಪ್ರಜೆಯ ಹಕ್ಕುಗಳ ಬಗ್ಗೆ ಪುಟಗಟ್ಟಲೆ ಬರೆದು ಪಾಸಾಗಿದ್ದೆ. ಥೂ!

ಶನಿವಾರ ಬೆಳಗ್ಗೆ ರೈತರ ಸಾಲಿನಲ್ಲಿ ಅಕ್ಕ ಕೂತಿದ್ದಳು. ಭಾವನಿಗೆ ಜ್ವರವೆಂದು ಮಂಕರಿಯನ್ನು ತಾನೇ ಶಾಗ್ಯದಿಂದ ತಂದಿದ್ದಳು. ನನ್ನನ್ನು ಕಂಡು ಪಕ್ಕದವರಿಗೆ, "ನಮ್ ಮಾದೇವ ಕಣ್ರವ್ವಾ. ಬಿಯೆ" ಎಂದಳು. ಗೂಡು ಹಾಲಿನ ಹಾಗೆ ಬೆಳ್ಳಗೆ, ಒತ್ತಿದರೆ ಕಲ್ಲಿನಂತೆ ಗಟ್ಟಿ. ಮೊದಲನೆಯವನು ಒಂದು ಬೊಗಸೆ ಎತ್ತಿದ. ಎರಡನೆಯವನು ಎತ್ತಿದ. ಮೂರನೆಯವನೂ ಎತ್ತಿದ. ಅಕ್ಕ ಉಳಿದ ಗೂಡನ್ನು ಮಂಕರಿಯಲ್ಲಿ ಸಮ ಮಾಡಿದಳು. ಟವಲು ಬಂತು. ಅದರಡಿ ಕೈಗಳು ಹಾವಿನ ಹಾಗೆ ಹೊರಳಾಡಿದವು. ದಲ್ಲಾಳಿ ನನ್ನ ಕಿವಿಗೆ ಬಾಗಿ "ನಾಕು" ಅಂದ. ಅಕ್ಕನ ಕಡೆ ತಿರುಗಿ, "ಮೂರ್ ಬೆಳ್ಳು ಕಣಮ್ಮ. ಗೂಡು ಮೆತ್ತಗವೆ" ಅಂದ.

ಅಕ್ಕ ನನ್ನ ಮುಖ ನೋಡಿದಳು.

"ನಾಕು!" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಕೊಳ್ಳೋರು ನಾಕ್ ಬೆಳ್ಳು ಕೊಟ್ಟವ್ರೆ ಕಣಕ್ಕ. ದಿನಾ ಇಂಗೇ. ಟವಲ್ ಕೆಳ್ಗೆ ನಾಕು, ಮೇಲೆ ಮೂರು. ಚೀಟಿ ಬರ್ಯೋನು ನಾನೇ, ನಂಗೊತ್ತು."

ಸಾಲಿನಲ್ಲಿದ್ದವರೆಲ್ಲ ಎದ್ದು ನಿಂತರು. ಯಾರೋ ಮುದುಕಿ ದಲ್ಲಾಳಿಯ ಹುಟ್ಟು ಬೆಳವಣಿಗೆಯನ್ನೆಲ್ಲ ಬಿಚ್ಚಿಟ್ಟಳು. "ಆ ಟವಲ್ ಕಿತ್ತಾಕ್ರಲಾ ಮೊದ್ಲು" ಎಂದ ಇನ್ನೊಬ್ಬ. ಸಾಹುಕಾರರು ಗದ್ದಲ ತಗ್ಗುವವರೆಗೂ ಎಲೆಯಡಿಕೆ ಅಗಿದು, ಉಗುಳಿ, ಬಂದು, "ಇವತ್ತು ಎಲ್ರಿಗೂ ನಾಲ್ಕೇ ಕೊಡಿ" ಅಂದರು. ದನಿಯಲ್ಲಿ ಕೋಪದ ಸುಳಿವಿಲ್ಲ. ಇವತ್ತು ಎಂಬ ಮಾತನ್ನು ಮಾತ್ರ ಸ್ವಲ್ಪ ಒತ್ತಿದರು.

ಆಮೇಲೆ ಉಡಿದಾರದಿಂದ ಬೀಗದ ಕೈ ಬಿಚ್ಚಿ ಪೆಟ್ಟಿಗೆ ತೆರೆದರು. ವಾರವೆಲ್ಲ ಮನೆಯಲ್ಲಿದ್ದ ಬೀಗದ ಕೈ! ನನ್ನ ಸರ್ಟಿಫಿಕೇಟನ್ನು ಹೊರತೆಗೆದು, ಅದೇ ಟವಲಿನಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

"ತಗೊಳ್ಳಿ ಬಿ.ಎ.ಯವರೇ. ಒಂದ್ ಮೂಲೆನೂ ಮಡಚಿಲ್ಲ, ನೋಡ್ಕೊಳ್ಳಿ. ನಿಮ್ ಜಾಗಕ್ಕೆ ನಿಮ್ ಕಡೆಯವ್ನೇ ಇನ್ನೊಬ್ಬ ನಾಳೆ ಬರ್ತಾನೆ."

ಕಾಗದ ಹಿಡಿದು ಬೀದಿಗೆ ಬಂದೆ. ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಉಸಿರೆಳೆದೆ. ನಾತ ಹಾಗೇ ಇತ್ತು. ಅಕ್ಕ ಖಾಲಿ ಮಂಕರಿಯನ್ನು ಸೊಂಟಕ್ಕೆ ಅವುಚಿಕೊಂಡು ಹಿಂದೆಯೇ ಬಂದಳು. ಏನಾದರೂ ಒಳ್ಳೆಯ ಮಾತು ಹೇಳುತ್ತಾಳೆಂದು ನಿಂತೆ. ಅವಳು ಕಾಗದದ ಮೇಲೆ ಒಮ್ಮೆ ಕೈಯಾಡಿಸಿದಳು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ.

"ಬೊಗ್ಸೆ ಬೊಗ್ಸೆ ತಗೀತಾರೆ, ಬೆಲೆ ಮುಚ್ಚಿಡ್ತಾರೆ ಅಂತ ನಮ್ಗ ಗೊತ್ತಿಲ್ವೇನ್ಲಾ ಮಾದೇವ? ಬ್ಯಾರೇರ್ ಮಂಕ್ರೀಲಿ ಐದಾರು ಬೊಗ್ಸೆ ಎತ್ತೋರು, ನೀ ಕುಂತಿದ್ದಿ ಅಂತ ನಮ್ದ್ರಲ್ಲಿ ಮೂರು ಬೊಗ್ಸೆಗಾದ್ರೂ ನಿಲ್ಲುಸ್ತಿದ್ರು. ಓಗು, ಯಳಂದೂರ್ನಲ್ಲಿ ಮೇಷ್ಟ್ರಾಗು, ಒಳ್ಳೇದೇ. ಮುಂದ್ಲ ಬೆಳೆ ಗೂಡು ತಂದಾಗ ಈ ಸಾಲಲ್ಲಿ ಕುಂತು ನಾ ಯಾರ್ ಮಕ ನೋಡ್ಲಿ, ಅದ ಏಳು."