ಬೆಳಗಿ ಕೊಟ್ಟ ಚಾಕು

ಮೊನ್ನೆ ಸೊಸೆ ಹೊಸ ಕಬ್ಬಿಣದ ಚಾಕುವಿನಲ್ಲಿ ಮಾವಿನಕಾಯಿ ಹೆಚ್ಚುತ್ತಿದ್ದಳು. ಹುಳಿಯ ಜೊತೆ ಹಸಿ ಕಬ್ಬಿಣದ ವಾಸನೆ ನನ್ನ ಕುರ್ಚಿಯವರೆಗೂ ಬಂತು. ಓದುತ್ತಿದ್ದ ಪೇಪರ್ ಮಡಚಿಟ್ಟೆ. ಆ ವಾಸನೆಗೆ ನಾನೇ ಕಾರಣನಾಗಿದ್ದ ಒಂದು ಬೇಸಿಗೆ ನೆನಪಾಯಿತು…

ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮ ಹಿತ್ತಲಿನ ರೂಮಿಗೆ ಗುಮಾಸ್ತರೊಬ್ಬರು ಬಾಡಿಗೆಗೆ ಬಂದಿದ್ದರು. ನನಗಿಂತ ಐದಾರು ವರ್ಷ ದೊಡ್ಡವರು, ಅಣ್ಣ ಎನ್ನುತ್ತಿದ್ದೆ. ಹಳೆಯ ಗರಗಸದ ತುಂಡಿನಿಂದ ಮಾಡಿಸಿದ ಅಗಲವಾದ ಚಾಕು ಅವರ ಹತ್ತಿರವಿತ್ತು. ಅದನ್ನು ಸೀಗೆಪುಡಿಯಲ್ಲಿ ತೊಳೆದು, ಬಿಸಿ ಹುಣಸೆರಸ ಸವರಿ, ಬಣ್ಣ ತಿರುಗಿದ ಮೇಲೆ ತೊಳೆದು ಒರೆಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ಮತ್ತೆ ಮತ್ತೆ ಹೀಗೆ ಮಾಡಿ ಅಲಗು ಪಾರಿವಾಳದ ಕತ್ತಿನ ಬಣ್ಣಕ್ಕೆ ಬಂದಿತ್ತು.

“ಇದು ಕೊಳೆಯಲ್ಲ ಕಣೋ, ಕಾವಲು. ಇದಿದ್ರೆ ತುಕ್ಕು ಹಿಡಿಯಲ್ಲ, ಹುಳಿ ಹೆಚ್ಚಿದ್ರೂ ಕಬ್ಬಿಣದ ವಾಸ್ನೆ ಬರಲ್ಲ,” ಎನ್ನುತ್ತಿದ್ದರು.

ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚಲು ಅಮ್ಮನಿಗೆ ಅವರೇ ಆಗಬೇಕು. ನಾನು ಹೆಚ್ಚುತ್ತೇನೆಂದರೆ, “ನೀನು ಹೆಚ್ಚಿದ್ರೆ ಓಟೆ ಒಂದ್ಕಡೆ, ನಿನ್ನ ಬೆರಳು ಒಂದ್ಕಡೆ. ಸುಮ್ನೆ ಕೂತ್ಕೊ,” ಎನ್ನುವಳು. ಅವರ ಕೈಗುಣದಿಂದಲೇ ಜಾಡಿ ವರ್ಷವಿಡೀ ಕೆಡುವುದಿಲ್ಲ ಎಂದು ಬೀದಿಗೆಲ್ಲ ಹೇಳುವಳು. ಮೊದಲ ಹೋಳಿನ ಮೇಲೆ ಉಪ್ಪುಖಾರ ಸವರಿ ಅವರ ಕೈಗೇ ಕೊಡುವಳು. ಅವರು ಬರುವ ಮುಂಚೆ ಆ ಹೋಳು ನನ್ನದಾಗಿತ್ತು.

ಆ ವರ್ಷ, ಹೆಚ್ಚುವ ಹಿಂದಿನ ದಿನ, ಹಲಸಿನಹಣ್ಣು ಬಿಡಿಸಬೇಕೆಂದು ಚಾಕು ಕೇಳಿ ತಂದೆ. ಬಿಡಿಸಿದ ಮೇಲೆ ಬಚ್ಚಲಲ್ಲಿ ಕೂತು ಇಟ್ಟಿಗೆ ಪುಡಿಯಲ್ಲಿ ಉಜ್ಜಿದೆ. ಅಂಟು ಹೋದ ಮೇಲೂ ಉಜ್ಜಿದೆ. ನೀಲಿಯೆಲ್ಲ ಹೋಗಿ ನನ್ನ ಮುಖ ಕಾಣುವವರೆಗೆ…

ಬೆಳಿಗ್ಗೆ ಅವರು ಅದನ್ನು ತಿರುಗಿಸಿ ನೋಡಿದರು.

“ಅಂಟಿಗೆ ಎಣ್ಣೆ ಸಾಕಿತ್ತಲ್ಲೋ.”

“ಇಸ್ಕೊಂಡಿದ್ದನ್ನ ಕ್ಲೀನಾಗಿ ಕೊಡ್ಬೇಕಲ್ವಾ ಅಣ್ಣ.”

ಅವರು ಅಮ್ಮನಿಗೆ, “ಎರಡು ದಿನ ಬಿಟ್ಟು ಹೆಚ್ಚೋಣಮ್ಮ,” ಎಂದರು. ಅಷ್ಟರಲ್ಲಿ ಕಾಯಿ ಹಣ್ಣಾಗುತ್ತದೆ ಎಂದವನು ನಾನು. ಅಮ್ಮನೂ ಹೌದೆಂದಳು. ಅವರು ಅದೇ ಚಾಕುವಿನಲ್ಲಿ ಹೆಚ್ಚಿದರು.

ಸಂಜೆಗೆ ಹೋಳುಗಳ ಅಂಚು ಕಪ್ಪಾಗಿ, ಮೊರದ ತುಂಬ ಕಬ್ಬಿಣದ ವಾಸನೆ. ಅಮ್ಮ ಒಂದು ಹೋಳು ಬಾಯಿಗಿಟ್ಟು ಉಗಿದಳು.

“ಈ ವರ್ಷ ಯಾಕೋ ನಿನ್ನ ಕೈಗುಣ ಕೆಟ್ಟಿದೆ ಕಣಪ್ಪ.”

ಅವರು ಒಮ್ಮೆ ನನ್ನತ್ತ ನೋಡಿದರು. “ಇರ್ಬೋದಮ್ಮ,” ಎಂದರು. ನಾನು ಬಾಯಿ ಬಿಡಲಿಲ್ಲ. ಒಳಗೊಳಗೇ ಹಿಗ್ಗಿದೆ ಕೂಡ.

ಮರುವರ್ಷ ಅಮ್ಮ ಅವರನ್ನು ಕರೆಯಲಿಲ್ಲ. ಹೆಚ್ಚಿದವನು ನಾನು, ಮೊದಲ ಹೋಳೂ ನನ್ನ ಕೈಗೆ ಬಂತು. ಹಿತ್ತಲಿನ ರೂಮಿನ ಕಿಟಕಿ ಮುಚ್ಚಿತ್ತು. ಆ ಮಳೆಗಾಲದಲ್ಲೇ ಅವರು ಬನಶಂಕರಿಯ ಕಡೆ ಮನೆ ಮಾಡಿಕೊಂಡು ಹೋದರು. ನಡೆದು ಹೋಗುವಷ್ಟು ದೂರ. ನಾನು ಹೋಗಲಿಲ್ಲ… ಅವರ ಕೈಗುಣ ಕೆಟ್ಟಿತೆಂದೇ ನಂಬಿಕೊಂಡು ಅಮ್ಮ ತೀರಿಕೊಂಡಳು. ಅವರೂ ಈಗಿಲ್ಲವೆಂದು ಯಾರೋ ಹೇಳಿದರು.

ಸೊಸೆ ಕಲೆಬಿದ್ದ ಚಾಕು ಉಜ್ಜಲು ನಾರು ಕೈಗೆತ್ತಿಕೊಂಡಳು.

“ಉಜ್ಜಬೇಡಮ್ಮ, ಕೊಡಿಲ್ಲಿ.”

ಹುಣಸೆಹಣ್ಣು ಬಿಸಿನೀರಿಗೆ ಹಾಕಿ, ಕಿವುಚಿ, ಅಲಗಿಗೆ ಸವರಿದೆ. ಬೆಳ್ಳಗಿದ್ದದ್ದು ನಿಧಾನವಾಗಿ ಮಂಕಾಗತೊಡಗಿತು.

“ಇದೆಲ್ಲ ಯಾರು ಹೇಳ್ಕೊಟ್ರು ಮಾವ?”

ಅವರ ಹೆಸರು ಹೇಳಿದೆ. ಈ ಮನೆಯಲ್ಲಿ ಆ ಹೆಸರು ಕೇಳಿ ಎಷ್ಟೋ ಕಾಲವಾಗಿತ್ತು. ಅವಳು ಒಂದು ಹೋಳಿನ ಮೇಲೆ ಉಪ್ಪುಖಾರ ಸವರಿ ನನ್ನ ಕೈಗಿಟ್ಟಳು. ಬಾಯಿಯವರೆಗೆ ಒಯ್ದು ಕೆಳಗಿಟ್ಟೆ.

“ತುಂಬಾ ಹುಳೀನಾ ಮಾವ?”

“ಇಲ್ಲಮ್ಮ. ಕಬ್ಬಿಣದ ವಾಸ್ನೆ,” ಎಂದೆ.